ಬೀಗ ಹಾಕಿದ ಕೋಣೆಯನ್ನು ಕಡಲಿಗಿಳಿಸಿದ ಮಾಲ್ಕಂ ಮೆಕ್ಲೀನ್

ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ ದೊಡ್ಡ ಕಟ್ಟಡವೊಂದರ ಕೆಲಸ ನಡೆಯುತ್ತಿರುವ ಸ್ಥಳಕ್ಕೆ ಬೆಳಗಿನ ಹೊತ್ತು ಹೋದವರಿಗೆ ಒಂದು ದೃಶ್ಯ ಚಿರಪರಿಚಿತವಾಗಿರುತ್ತದೆ. ಆವರಣದ ಒಂದು ಮೂಲೆಯಲ್ಲಿ ಬಣ್ಣ ಮಾಸಿದ, ಅಲ್ಲಲ್ಲಿ ತಗ್ಗುಬಿದ್ದ ಉಕ್ಕಿನ ದೊಡ್ಡ ಪೆಟ್ಟಿಗೆಯೊಂದು ನಿಂತಿರುತ್ತದೆ. ಮೇಸ್ತ್ರಿಯು ಬಂದು ಬೀಗ ತೆಗೆದು, ನಿಲುವಾದ ಕಂಬಿಗಳನ್ನು ತಿರುಗಿಸಿ, ಭಾರವಾದ ಎರಡು ಕದಗಳನ್ನು ಹೊರಕ್ಕೆಳೆಯುತ್ತಾನೆ. ಒಳಗಿನಿಂದ ಕೊರೆಯುವ ಯಂತ್ರ, ಬೆಸುಗೆಯ ಸಲಕರಣೆ, ತಾಮ್ರದ ತಂತಿಯ ಸುರುಳಿ, ನೀರೆತ್ತುವ ಪಂಪು ಒಂದೊಂದಾಗಿ ಹೊರಬರುತ್ತವೆ. ಜೂನಿನಿಂದ ಸಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ಸುತ್ತಣ ನೆಲವೆಲ್ಲ ಕೆಸರಾಗಿದ್ದರೂ ಪೆಟ್ಟಿಗೆಯೊಳಗಿನ ಹಲಗೆ ಒಣಗಿಯೇ ಇರುತ್ತದೆ. ಸಂಜೆಯಾದೊಡನೆ ಎಲ್ಲವೂ ಮತ್ತೆ ಒಳಸೇರಿ ಬೀಗ ಬೀಳುತ್ತದೆ. ಲಕ್ಷಾಂತರ ರೂಪಾಯಿ ಬೆಲೆಯ ಉಪಕರಣಗಳನ್ನು ಅಲ್ಲಿಟ್ಟು ಜನ ನಿಶ್ಚಿಂತೆಯಿಂದ ಮನೆಗೆ ತೆರಳುತ್ತಾರೆ.

ಈ ಪೆಟ್ಟಿಗೆ ಕಟ್ಟಡದ ಕೆಲಸಕ್ಕೆಂದು ಹುಟ್ಟಿದ್ದಲ್ಲವೆಂಬುದು ವಾಚಕರಿಗೆ ಗೊತ್ತೇ ಇದೆ. ಅದು ಹಡಗಿನಿಂದ ಇಳಿದು ಬಂದ ಕಂಟೇನರು. ಹತ್ತು ಹದಿನೈದು ವರ್ಷ ಕಡಲಿನಲ್ಲಿ ತಿರುಗಿ, ನಿವೃತ್ತಿ ಹೊಂದಿ, ಇಲ್ಲಿ ಉಗ್ರಾಣದ ಚಾಕರಿಗೆ ನಿಂತಿದೆ. ಅದನ್ನು ಲೋಕದ ಬಳಕೆಗೆ ತಂದವರು ಯಾರು, ಯಾವ ಕಾರಣಕ್ಕಾಗಿ ತಂದರು, ಅದರಿಂದ ಅವರಿಗೂ ಇತರರಿಗೂ ಏನಾಯಿತು ಎಂಬುದನ್ನು ಬಲ್ಲವರು ವಿರಳ. ಅಮೆರಿಕೆಯ ಲಾರಿ ವ್ಯಾಪಾರಿ ಮಾಲ್ಕಂ ಮೆಕ್ಲೀನ್ ಅವರ ಬಾಳಿನ ಕಥೆಯನ್ನು ಇಂದು ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ಕಥೆಗೆ ತೊಡಗುವ ಮೊದಲು ಕಂಟೇನರು ಬರುವ ಮುಂಚಿನ ಬಂದರನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಮುಂಬಯಿಯ ಪ್ರಿನ್ಸಸ್ ಡಾಕು, ವಿಕ್ಟೋರಿಯಾ ಡಾಕು, ಅಲೆಗ್ಸಾಂಡ್ರಾ ಡಾಕುಗಳಲ್ಲಿ ಮೈಮುರಿದು ದುಡಿದವರಲ್ಲಿ ಕನ್ನಡನಾಡಿನಿಂದ ಹೋದವರೂ ಇದ್ದರು. ಅಂಥವರ ಮನೆಗಳಲ್ಲಿ ಈ ಚಿತ್ರ ಇನ್ನೂ ನೆನಪಿನಲ್ಲಿರಬಹುದು. ಹತ್ತಿಯ ಅಂಡಿಗೆ, ಸಕ್ಕರೆಯ ಗೋಣಿ, ಎಣ್ಣೆಯ ಪೀಪಾಯಿ, ಯಂತ್ರದ ಬಿಡಿಭಾಗದ ಮರದ ಪೆಟ್ಟಿಗೆ—ಒಂದೇ ಹಡಗಿನಲ್ಲಿ ಸಾವಿರಾರು ಬಗೆಯ ಸರಕು. ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ಧಕ್ಕೆಗೆ, ಧಕ್ಕೆಯಿಂದ ಹಗ್ಗದ ಬಲೆಗೆ, ಬಲೆಯಿಂದ ಹಡಗಿನ ಹೊಟ್ಟೆಗೆ: ಪ್ರತಿಯೊಂದನ್ನೂ ಮನುಷ್ಯನ ಕೈ ಮುಟ್ಟಲೇಬೇಕು. ಕೊಕ್ಕೆ ಚುಚ್ಚಿ ಗೋಣಿ ಹರಿಯುತ್ತಿತ್ತು. ಮಳೆ ಬಂದರೆ ಕೆಲಸ ನಿಲ್ಲುತ್ತಿತ್ತು, ಇಲ್ಲವೆ ಸರಕು ನೆನೆಯುತ್ತಿತ್ತು. ಹಡಗು ಕಡಲಿನಲ್ಲಿ ಸಾಗಿದಷ್ಟೇ ದಿನ ಬಂದರಿನಲ್ಲಿ ಕಟ್ಟಿಹಾಕಿಕೊಂಡಿರುವುದು ಅಪರೂಪವೇನೂ ಆಗಿರಲಿಲ್ಲ. ಕಳವಿನ ಮಾತಂತೂ ಹೇಳತೀರದು. ಗಡಿಯಾರ, ಮದ್ಯದ ಸೀಸೆ, ಹೊಲಿಗೆ ಯಂತ್ರ—ಕೈಯಲ್ಲಿ ಹಿಡಿಯಬಹುದಾದ ಯಾವುದೂ ಪೂರ್ತಿ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಲಂಡನ್ನಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಇದೇ ಪಾಡು. ಹಮಾಲರೊಬ್ಬರನ್ನೇ ಇದಕ್ಕೆ ದೂರುವುದು ನ್ಯಾಯವಲ್ಲ. ಬಾಯಿ ತೆರೆದಿಟ್ಟ ಸರಕು ಹತ್ತಾರು ಕೈಗಳನ್ನು ದಾಟುವ ವ್ಯವಸ್ಥೆಯಲ್ಲಿ ಕಳ್ಳನಾರು, ಕಾವಲಿನವನಾರು ಎಂದು ಗೊತ್ತಾಗುವ ಬಗೆಯೇ ಇರಲಿಲ್ಲ.

ಮೆಕ್ಲೀನ್ ಹುಟ್ಟಿದ್ದು ಇಂಥ ಬಂದರಿನ ಸಮೀಪದಲ್ಲಲ್ಲ. ಅಮೆರಿಕೆಯ ಉತ್ತರ ಕೆರೊಲಿನಾ ಸಂಸ್ಥಾನದ ಮ್ಯಾಕ್ಸ್‌ಟನ್ ಎಂಬ ಸಣ್ಣ ಊರಿನ ಸಾಧಾರಣ ಕುಟುಂಬವೊಂದರಲ್ಲಿ, 1913ರ ನವೆಂಬರ್ ತಿಂಗಳಿನಲ್ಲಿ ಅವರ ಜನನವಾಯಿತು. ಬಾಲ್ಯದಲ್ಲಿ ತಾಯಿ ಸಾಕಿದ ಕೋಳಿಯ ಮೊಟ್ಟೆಗಳನ್ನು ರಸ್ತೆಬದಿಯಲ್ಲಿ ಮಾರಿ ದಲ್ಲಾಳಿಯ ಪಾಲು ಪಡೆಯುತ್ತಿದ್ದನಂತೆ ಆ ಹುಡುಗ. 1931ರಲ್ಲಿ ಶಾಲೆಯ ಓದು ಮುಗಿಯಿತು. ಅದು ಇಡೀ ದೇಶವೇ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ ಕಾಲ. ಕಾಲೇಜಿನ ಮಾತಿರಲಿ, ಕೆಲಸ ಸಿಕ್ಕುವುದೇ ಕಷ್ಟ. ದಿನಸಿ ಅಂಗಡಿಯಲ್ಲಿ ಸಾಮಾನು ಜೋಡಿಸುವ ಕೆಲಸ, ಆಮೇಲೆ ಪೆಟ್ರೋಲು ಬಂಕಿನ ಕೆಲಸ ಮಾಡಿ ನಾಲ್ಕು ಕಾಸು ಕೂಡಿಟ್ಟು, 1934ರಲ್ಲಿ ಹಳೆಯ ಲಾರಿಯೊಂದನ್ನಿಟ್ಟುಕೊಂಡು ಅಕ್ಕ ತಮ್ಮಂದಿರೊಡನೆ ಸಾಗಾಣಿಕೆಯ ಕಂಪೆನಿಯನ್ನು ಆರಂಭಿಸಿದರು. ಲಾರಿಯನ್ನು ಮೊದಲು ನಡೆಸಿದ್ದೂ ಅವರೇ, ಮಣ್ಣು ಹೊತ್ತದ್ದೂ ಅದರಲ್ಲಿಯೇ.

1937ರಲ್ಲಿ ನಡೆಯಿತೆನ್ನಲಾದ ಒಂದು ಘಟನೆಯನ್ನು ಮೆಕ್ಲೀನ್ ತಮ್ಮ ಮುಪ್ಪಿನ ಕಾಲದಲ್ಲಿ ಹೇಳುತ್ತಿದ್ದರು. ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡು ನ್ಯೂಯಾರ್ಕಿನೆದುರಿನ ಹೊಬೋಕನ್ ಧಕ್ಕೆಗೆ ಬಂದ ತರುಣನು, ತನ್ನ ಸರದಿಗಾಗಿ ದಿನವಿಡೀ ಲಾರಿಯಲ್ಲಿ ಕುಳಿತು ಕಾಯಬೇಕಾಯಿತು. ಹಮಾಲರು ಒಂದೊಂದೇ ಅಂಡಿಗೆಯನ್ನು ಇಳಿಸಿ ಹಗ್ಗ ಬಿಗಿದು ಹಡಗಿಗೆ ಏರಿಸುವುದನ್ನು ನೋಡುತ್ತ ಕುಳಿತಿದ್ದಾಗ, ಲಾರಿಯ ಮೈಯನ್ನೇ ಎತ್ತಿ ಹಡಗಿನಲ್ಲಿಟ್ಟರೆ ಆಗದೆ ಎಂಬ ಯೋಚನೆ ಹೊಳೆಯಿತಂತೆ. ಕಥೆ ಸೊಗಸಾಗಿದೆ, ಆದರೆ ಇದನ್ನು ಪೂರ್ತಿ ನಂಬಲು ನಮ್ಮ ಮನಸ್ಸು ಒಪ್ಪದು. ಆ ದಿನದಿಂದ ಹದಿನಾರು ವರ್ಷ ಅವರು ಈ ವಿಷಯದಲ್ಲಿ ಏನನ್ನೂ ಮಾಡಲಿಲ್ಲ. ದೊಡ್ಡವರ ಬಾಳಿಗೆ ಇಂಥ ಒಂದು ದಿನವನ್ನು ಆಮೇಲೆ ಹೊಲಿದು ಸೇರಿಸುವ ರೂಢಿ ಎಲ್ಲ ದೇಶಗಳಲ್ಲಿಯೂ ಉಂಟು.

ನಿಜವಾದ ಪ್ರೇರಣೆ ಬಂದದ್ದು 1953ರಲ್ಲಿ, ಅದೂ ಲಾರಿಯ ಲೆಕ್ಕಾಚಾರದಿಂದಲೇ. ಆ ವೇಳೆಗೆ ಮೆಕ್ಲೀನ್ ಕಂಪೆನಿ ದೇಶದ ದೊಡ್ಡ ಲಾರಿ ಸಂಸ್ಥೆಗಳಲ್ಲೊಂದಾಗಿತ್ತು. ಯುದ್ಧಾನಂತರ ಮೋಟಾರುಗಳ ಸಂಖ್ಯೆ ಬೆಳೆದು ಪೂರ್ವ ಕರಾವಳಿಯ ಹೆದ್ದಾರಿಗಳು ಕಿಕ್ಕಿರಿದಿದ್ದವು. ಸರಕು ತುಂಬಿದ ಟ್ರೈಲರುಗಳನ್ನು ಹಡಗಿನ ಮೇಲೆ ಹತ್ತಿಸಿ ಕರಾವಳಿಗುಂಟ ಸಾಗಿಸಿ, ಆಚೆಯ ಬಂದರಿನಲ್ಲಿ ಇನ್ನೊಂದು ಲಾರಿಗೆ ಜೋಡಿಸಿದರೆ ಖರ್ಚು ಇಳಿಯುವುದೆಂದು ಅವರು ಎಣಿಸಿದರು. ಮುಂದೆ ಯೋಚಿಸಿದಂತೆ ಗಾಲಿಗಳಿಂದಾಗಿ ಹಡಗಿನಲ್ಲಿ ಜಾಗ ವ್ಯರ್ಥವಾಗುವುದು ತಿಳಿಯಿತು. ಗಾಲಿಯನ್ನು ದಡದಲ್ಲಿಯೇ ಬಿಟ್ಟು ಮೇಲಿನ ಪೆಟ್ಟಿಗೆಯನ್ನು ಮಾತ್ರ ಒಯ್ದರೆ ಒಂದರ ಮೇಲೊಂದನ್ನು ಪೇರಿಸಬಹುದು.

ಆದರೆ ಅಮೆರಿಕೆಯ ಕಾನೂನು ಅಡ್ಡವಾಯಿತು. ಲಾರಿ ಕಂಪೆನಿಯ ಒಡೆಯನಿಗೆ ಹಡಗಿನ ಕಂಪೆನಿಯ ಒಡೆತನ ಕೂಡದು. ಇಪ್ಪತ್ತು ವರ್ಷ ಬೆವರು ಸುರಿಸಿ ಕಟ್ಟಿದ, ಲಾಭದಲ್ಲಿ ನಡೆಯುತ್ತಿದ್ದ ಸಂಸ್ಥೆಯನ್ನು ಬಿಡಬೇಕು, ಇಲ್ಲವೆ ಪೆಟ್ಟಿಗೆಯ ಯೋಚನೆಯನ್ನು ಬಿಡಬೇಕು. 1955ರಲ್ಲಿ ಮೆಕ್ಲೀನ್ ಲಾರಿಗಳನ್ನು ಬಿಟ್ಟರು. ಪ್ಯಾನ್-ಅಟ್ಲಾಂಟಿಕ್ ಎಂಬ ಸಣ್ಣ ಹಡಗಿನ ಕಂಪೆನಿಯನ್ನೂ ಅದರ ಮಾತೃಸಂಸ್ಥೆಯಾದ ವಾಟರ್‌ಮನ್ನನ್ನೂ ಕೊಂಡರು. ಇದಕ್ಕಾಗಿ ಅವರು ಬ್ಯಾಂಕಿನಿಂದ ಎತ್ತಿದ ಸಾಲ 4.2 ಕೋಟಿ ಡಾಲರು. ಹಡಗಿನ ವ್ಯವಹಾರದ ಗಂಧವೂ ಇಲ್ಲದ ನಲವತ್ತೊಂದರ ಗೃಹಸ್ಥನೊಬ್ಬ ಇಷ್ಟು ಸಾಲ ಹೊತ್ತದ್ದನ್ನು ಕಂಡು ಹಡಗಿನ ಹಳೆಯ ಕುಳಗಳು ನಕ್ಕಿರಬಹುದು.

ಪೆಟ್ಟಿಗೆಯಲ್ಲಿ ಸರಕು ಸಾಗಿಸುವ ಕ್ರಮವನ್ನು ಮೆಕ್ಲೀನ್ ಕಂಡುಹಿಡಿದರೆಂದು ಬರೆಯುವವರಿದ್ದಾರೆ, ಅದು ಸರಿಯಲ್ಲ. ಯೂರೋಪಿನ, ಅಮೆರಿಕೆಯ ರೈಲ್ವೆಗಳು 1920ರ ದಶಕದಲ್ಲಿಯೇ ಇಂಥ ಪೆಟ್ಟಿಗೆಗಳನ್ನು ಬಳಸಿದ್ದವು. ಅಮೆರಿಕೆಯ ಸೇನೆಯು 1950ರ ದಶಕದ ಆರಂಭದಲ್ಲಿ, ಕೊರಿಯಾ ಯುದ್ಧದ ದಿನಗಳಲ್ಲಿ, ಕಾನೆಕ್ಸ್ ಎಂಬ ಹೆಸರಿನ ಉಕ್ಕಿನ ಪೆಟ್ಟಿಗೆಗಳನ್ನು ಬಳಕೆಗೆ ತಂದಿತ್ತು; ಉದ್ದ ಎಂಟೂವರೆ ಅಡಿ, ನಾಲ್ಕು ಟನ್ನಿನಷ್ಟು ಸರಕು ಹಿಡಿಯುತ್ತಿತ್ತು. ಆದರೆ ಇವೆಲ್ಲವೂ ಹಳೆಯ ವ್ಯವಸ್ಥೆಯೊಳಗೆ ತುರುಕಿದ ದೊಡ್ಡ ಪೆಟಾರಿಗಳು. ಗೋಣಿ, ಪೀಪಾಯಿಗಳ ನಡುವೆ ಇವನ್ನೂ ಹೇಗೋ ಇಡುತ್ತಿದ್ದರು. ಲಾರಿ, ಕ್ರೇನು, ಹಡಗು, ಬಂದರು—ಎಲ್ಲವೂ ಪೆಟ್ಟಿಗೆಯ ಅಳತೆಗೆ ತಕ್ಕಂತೆ ಬದಲಾಗಬೇಕೆಂಬುದನ್ನು ಕಂಡದ್ದು ಮೆಕ್ಲೀನ್ ಅವರ ಹೆಚ್ಚಳ. ಸರಕಿನ ಯಜಮಾನನು ತನ್ನ ಕಾರ್ಖಾನೆಯಲ್ಲಿ ಹಾಕಿದ ಬೀಗವನ್ನು ಕೊಳ್ಳುವವನು ತನ್ನ ಅಂಗಳದಲ್ಲಿ ತೆಗೆಯಬೇಕು; ನಡುವೆ ಯಾರೂ ಒಳಗೇನಿದೆಯೆಂದು ನೋಡುವಂತಿಲ್ಲ, ಮಳೆಯೂ ಒಳಹೊಗುವಂತಿಲ್ಲ. ಇದು ಅವರು ಕಟ್ಟಲು ಹೊರಟ ವ್ಯವಹಾರ.

ಅಂಥ ಪೆಟ್ಟಿಗೆ ಗಟ್ಟಿಯಾಗಿರಬೇಡವೆ? ಸ್ಪೋಕೇನ್ ನಗರದ ಟ್ರೈಲರು ಕಾರ್ಖಾನೆಯೊಂದರಲ್ಲಿ ಎಂಜಿನಿಯರರಾಗಿದ್ದ ಕೀತ್ ಟ್ಯಾಂಟ್ಲಿಂಗರ್ ಎಂಬವರನ್ನು ಮೆಕ್ಲೀನ್ ಕರೆಸಿಕೊಂಡರು. ಅವರು ಮಾಡಿಸಿದ ಎರಡು ಮಾದರಿ ಪೆಟ್ಟಿಗೆಗಳು ಬಾಲ್ಟಿಮೋರಿನ ಹಡಗುಕಟ್ಟೆಗೆ ಬಂದವು. ಅಲ್ಲಿಗೆ ಬಂದ ಟ್ಯಾಂಟ್ಲಿಂಗರ್ ಕಂಡದ್ದೇನು? ಮೆಕ್ಲೀನರೂ ಅವರ ಅಧಿಕಾರಿಗಳೂ ಪೆಟ್ಟಿಗೆಯ ಮಾಡಿನ ಮೇಲೆ ಹತ್ತಿ ಮಕ್ಕಳಂತೆ ಕುಣಿಯುತ್ತಿದ್ದರು. ಅಲ್ಯೂಮಿನಿಯಮ್ಮಿನ ಮಾಡು ತಡೆಯಿತು. ಇನ್ನೂರು ಪೆಟ್ಟಿಗೆಗಳಿಗೆ ಬೇಡಿಕೆ ಹೋಯಿತು. ಟ್ಯಾಂಟ್ಲಿಂಗರರನ್ನು ಮೆಕ್ಲೀನ್ ತಮ್ಮಲ್ಲಿಯೇ ಉಳಿಸಿಕೊಂಡರು.

ಈ ಎಂಜಿನಿಯರರ ಕೊಡುಗೆಯನ್ನು ತುಸು ವಿವರಿಸಬೇಕು. ಇಂದಿನ ಉಗ್ರಾಣದ ಗುಟ್ಟೂ ಅದರಲ್ಲಿಯೇ ಅಡಗಿದೆ. ಪೆಟ್ಟಿಗೆಯ ಎಂಟು ಮೂಲೆಗಳಲ್ಲಿ ಎಂಟು ಉಕ್ಕಿನ ಗಟ್ಟಿಗಳು. ಒಂದೊಂದರಲ್ಲಿಯೂ ನೀಳವಾದ ತೂತು. ಕೆಳಗಿನ ಪೆಟ್ಟಿಗೆಯ ಇಲ್ಲವೆ ಲಾರಿಯ ಮೇಲಿನ ಗೂಟವು ಆ ತೂತಿನೊಳಗೆ ಹೊಕ್ಕು, ಹಿಡಿಯನ್ನು ತಿರುಗಿಸಿದೊಡನೆ ಅಡ್ಡಲಾಗಿ ಕಚ್ಚಿಕೊಳ್ಳುತ್ತದೆ. ಕ್ರೇನು ಎತ್ತುವುದೂ ಇದೇ ತೂತುಗಳಿಂದ. ಹೀಗಾಗಿ ಭಾರವೆಲ್ಲ ನಾಲ್ಕು ಮೂಲೆಗಂಬಗಳ ಮೂಲಕ ಇಳಿಯುತ್ತದೆ. ಗೋಡೆಯೂ ಮಾಡೂ ಒಳಗಿನ ಸರಕನ್ನು ಮಳೆಗಾಳಿಗಳಿಂದ ಕಾಯುವ ಹೊದಿಕೆಯ ಕೆಲಸವನ್ನು ಹೆಚ್ಚಾಗಿ ಮಾಡುತ್ತವೆ. ಹಡಗಿನಲ್ಲಿ ಎಂಟೊಂಬತ್ತು ಪೆಟ್ಟಿಗೆಗಳು ಒಂದರ ತಲೆಯ ಮೇಲೊಂದು ನಿಲ್ಲುವುದು ಇದರಿಂದಲೇ.

1956ರ ಏಪ್ರಿಲ್ 26ರಂದು ನ್ಯೂಯಾರ್ಕಿನ ಸಮೀಪದ ನ್ಯೂವಾರ್ಕ್ ಬಂದರಿನಿಂದ ಐಡಿಯಲ್-ಎಕ್ಸ್ ಎಂಬ ಹಡಗು ಟೆಕ್ಸಾಸಿನ ಹ್ಯೂಸ್ಟನ್ನಿಗೆ ಹೊರಟಿತು. ಯುದ್ಧಕಾಲದ ಹಳೆಯ ತೈಲದ ಹಡಗು ಅದು. ಮೇಲುಗಡೆ ಕಟ್ಟಿದ ಉಕ್ಕಿನ ಅಟ್ಟದ ಮೇಲೆ 58 ಪೆಟ್ಟಿಗೆಗಳು. ಏಳು ನಿಮಿಷಕ್ಕೊಂದರಂತೆ ಏರಿಸಿ, ಎಂಟು ಗಂಟೆಯೊಳಗೆ ಹೇರುವ ಕೆಲಸ ಮುಗಿಯಿತು. ಮೆಕ್ಲೀನ್ ವಿಮಾನದಲ್ಲಿ ಮುಂದಾಗಿ ಹೋಗಿ ಹ್ಯೂಸ್ಟನ್ ಧಕ್ಕೆಯಲ್ಲಿ ಹಡಗನ್ನು ಎದುರುಗೊಂಡರು. ಲೆಕ್ಕ ಬರೆದಾಗ ಕಂಡ ಅಂಕಿಗಳನ್ನು ಇಂದಿಗೂ ಜನ ಬೆರಗಿನಿಂದ ಉಲ್ಲೇಖಿಸುತ್ತಾರೆ: ಕೈಯಿಂದ ಸರಕು ಹೇರಿದರೆ ಟನ್ನಿಗೆ 5 ಡಾಲರು 83 ಸೆಂಟು ತಗಲುತ್ತಿದ್ದಲ್ಲಿ, ಈ ಹಡಗಿಗೆ ಟನ್ನಿಗೆ 16 ಸೆಂಟಿಗಿಂತ ಕಡಿಮೆಯಾಗಿತ್ತು. ಮರುವರ್ಷ, 1957ರ ಅಕ್ಟೋಬರ್ 4ರಂದು, 226 ಪೆಟ್ಟಿಗೆಗಳನ್ನು ಒಡಲಿನ ಗೂಡುಗಳಲ್ಲಿಯೂ ಮೇಲೆಯೂ ಜೋಡಿಸಬಲ್ಲ ಗೇಟ್‌ವೇ ಸಿಟಿ ಎಂಬ ಹಡಗು ಕಡಲಿಗಿಳಿಯಿತು. ಅದೇ ದಿನ ರಷ್ಯನ್ನರ ಸ್ಪುಟ್ನಿಕ್ ಆಕಾಶಕ್ಕೇರಿದ್ದರಿಂದ ಈ ಹಡಗಿನ ಕಡೆಗೆ ಯಾರ ಕಣ್ಣೂ ಹೊರಳಿದಂತೆ ಕಾಣದು.

ಬಂದರಿನ ಕೆಲಸಗಾರರ ಕಣ್ಣು ಮಾತ್ರ ಹೊರಳಿತು. 1958ರಲ್ಲಿ ಮೆಕ್ಲೀನರ ಹಡಗುಗಳು ಪೋರ್ಟೋರಿಕೋ ದ್ವೀಪವನ್ನು ಮುಟ್ಟಿದಾಗ ಅಲ್ಲಿನವರು ಪೆಟ್ಟಿಗೆಗಳನ್ನು ಇಳಿಸಲು ನಿರಾಕರಿಸಿದರು. ನಾಲ್ಕು ತಿಂಗಳು ಹಡಗುಗಳು ಸುಮ್ಮನೆ ನಿಂತವು. ಬೇಕಾದದ್ದಕ್ಕಿಂತ ಹೆಚ್ಚು ಆಳುಗಳನ್ನು, ಅಂದರೆ ತಂಡಕ್ಕೆ 24 ಮಂದಿಯಂತೆ, ಇಟ್ಟುಕೊಳ್ಳಲು ಒಪ್ಪಿದ ಮೇಲೆಯೇ ಕೆಲಸ ಸಾಗಿತು. ಆ ಹಮಾಲರ ಭೀತಿಯನ್ನು ನಾವು ಹಗುರವಾಗಿ ಕಾಣಲಾರೆವು. ಹತ್ತಾರು ಜನರ ಒಂದು ದಿನದ ಅನ್ನ ಏಳು ನಿಮಿಷದಲ್ಲಿ ಮುಗಿದು ಹೋಗುವುದನ್ನು ಅವರು ಕಣ್ಣಾರೆ ಕಂಡಿದ್ದರು. ಅಮೆರಿಕೆಯ ಎರಡೂ ಕರಾವಳಿಗಳಲ್ಲಿ 1960ರ ದಶಕದಲ್ಲಿ ಸಂಘಗಳು ಹೋರಾಡಿ, ಕೆಲಸವಿಲ್ಲದಾಗಲೂ ವರಮಾನದ ಭರವಸೆ, ನಿವೃತ್ತಿವೇತನ ಮುಂತಾದುವನ್ನು ಪಡೆದವು. ಹೊಸ ಯಂತ್ರದ ಲಾಭದಲ್ಲಿ ಹಳೆಯ ಕೆಲಸಗಾರನಿಗೂ ಪಾಲಿದೆಯೆಂದು ಬರಹದಲ್ಲಿ ಒಪ್ಪಿಸಿಕೊಂಡ ಆ ಸಂಘಗಳು, ನಮ್ಮ ದೃಷ್ಟಿಯಲ್ಲಿ, ಮೆಕ್ಲೀನರಷ್ಟೇ ಮಾನ್ಯವಾದವು. ಎಲ್ಲ ಬಂದರುಗಳ ಹಮಾಲರಿಗೂ ಆ ಭಾಗ್ಯ ದೊರೆಯಲಿಲ್ಲ. ಭಾರತಕ್ಕೆ ಕಂಟೇನರು ಹಡಗು ಮೊದಲಿಗೆ ಬಂದದ್ದು 1973ರಲ್ಲಿ, ಕೊಚ್ಚಿಗೆ. 1989ರಲ್ಲಿ ಮುಂಬಯಿಯ ಎದುರು ದಡದಲ್ಲಿ ನ್ಹಾವಾ ಶೇವಾ ಬಂದರು ತೆರೆದ ತರುವಾಯ ಹಳೆಯ ಡಾಕುಗಳ ಸದ್ದು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದುದನ್ನು ಕಂಡವರು ನಮ್ಮ ವಾಚಕರಲ್ಲಿಯೂ ಇದ್ದಾರು.

1960ರಲ್ಲಿ ಮೆಕ್ಲೀನ್ ತಮ್ಮ ಸಂಸ್ಥೆಗೆ ಸೀ-ಲ್ಯಾಂಡ್ ಎಂದು ಹೆಸರಿಟ್ಟರು. ಪ್ರತಿಸ್ಪರ್ಧಿಗಳು ತಮತಮಗೆ ತೋಚಿದ ಅಳತೆಯ ಪೆಟ್ಟಿಗೆಗಳನ್ನು ಮಾಡಿಸತೊಡಗಿದ್ದರು. ಒಬ್ಬರ ಪೆಟ್ಟಿಗೆ ಇನ್ನೊಬ್ಬರ ಕ್ರೇನಿಗೆ ಸಿಕ್ಕುತ್ತಿರಲಿಲ್ಲ. ಮೂಲೆಗಟ್ಟಿಯ ಪೇಟೆಂಟು ಸೀ-ಲ್ಯಾಂಡಿನ ಕೈಯಲ್ಲಿತ್ತು. ಟ್ಯಾಂಟ್ಲಿಂಗರರ ಒತ್ತಾಯಕ್ಕೆ ಮಣಿದು 1963ರಲ್ಲಿ ಮೆಕ್ಲೀನ್ ಆ ಹಕ್ಕನ್ನು ಕಾಸಿಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದನ್ನು ಆಧರಿಸಿ, ಸ್ವಲ್ಪ ತಿದ್ದಿ, ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯು ಇಂದಿನ ಮೂಲೆಗಟ್ಟಿಯನ್ನು ನಿಶ್ಚಯಿಸಿತು. ಇದರಲ್ಲೊಂದು ಸ್ವಾರಸ್ಯವುಂಟು: ಲೋಕವೆಲ್ಲ 20 ಅಡಿ, 40 ಅಡಿಯ ಪೆಟ್ಟಿಗೆಗಳನ್ನು ಒಪ್ಪಿದ ಮೇಲೂ ಮೆಕ್ಲೀನರ ಸಂಸ್ಥೆ ತನ್ನ 35 ಅಡಿಯ ಪೆಟ್ಟಿಗೆಯನ್ನು ಬಹುಕಾಲ ಬಿಡಲಿಲ್ಲ.

1966ರಲ್ಲಿ ಅವರ ಹಡಗು ಅಟ್ಲಾಂಟಿಕ್ ಸಾಗರವನ್ನು ದಾಟಿ ಯೂರೋಪಿಗೆ ಹೋಯಿತು. ಬೇಗನೆ ಒಲಿದ ಗಿರಾಕಿಗಳಲ್ಲಿ ಸ್ಕಾಟ್‌ಲೆಂಡಿನ ಮದ್ಯ ತಯಾರಕರು ಸೇರಿದ್ದರು. ಕಾರಣವನ್ನು ವಾಚಕರು ಊಹಿಸಬಲ್ಲರು.

ವಿಯಟ್ನಾಂ ಯುದ್ಧದಲ್ಲಿ ಪೆಟ್ಟಿಗೆಯ ಇನ್ನೊಂದು ಗುಣ ಹೊರಬಿದ್ದಿತು. 1965ರಲ್ಲಿ ಅಮೆರಿಕೆಯ ಸೇನೆ ಭಾರೀ ಪ್ರಮಾಣದಲ್ಲಿ ಅಲ್ಲಿಗೆ ಹೋದಾಗ ಬಂದರುಗಳಲ್ಲಿ ಹಡಗುಗಳು ವಾರಗಟ್ಟಲೆ ಕಾದು ನಿಂತವು. ಇಳಿಸಿದ ಸರಕಿಗೆ ಮಾಡಿಲ್ಲ. ಮುಂಗಾರಿನ ಮಳೆ, ಕಡಲ ಉಪ್ಪುಗಾಳಿ, ಅದರ ಮೇಲೆ ಕಳವು. ಸೇನೆಯ ಸಣ್ಣ ಕಾನೆಕ್ಸ್ ಪೆಟ್ಟಿಗೆಗಳು ಲಕ್ಷದ ಲೆಕ್ಕದಲ್ಲಿ ಅಲ್ಲಿಗೆ ಹೋದವು. ಬಹಳಷ್ಟು ತಿರುಗಿ ಬರಲೇ ಇಲ್ಲ. ಮುಂಚೂಣಿಯ ತುಕಡಿಗಳು ಅವನ್ನು ಅಲ್ಲಿಯೇ ಇಟ್ಟುಕೊಂಡು ಬಿಡಿಭಾಗದ ಉಗ್ರಾಣ, ಔಷಧಿಯ ಕೋಣೆ, ಕಚೇರಿ, ಕೊನೆಗೆ ಮರಳುಚೀಲ ಹೊದಿಸಿದ ಅಡಗುದಾಣವನ್ನಾಗಿಯೂ ಮಾಡಿಕೊಂಡವು. ಲಾರಿಯ ಬಿಡಿಭಾಗವನ್ನು ಒದ್ದೆಯಾಗದಂತೆ ಬೀಗದೊಳಗಿಡಲು ಬೇರೆ ಸ್ಥಳವೆಲ್ಲಿತ್ತು? ಮೆಕ್ಲೀನ್ ಸ್ವತಃ ಅಲ್ಲಿಗೆ ಹೋಗಿ ನೋಡಿ ಬಂದು, ಬಹಳ ಓಡಾಡಿ ಸೇನೆಯನ್ನು ಒಪ್ಪಿಸಿದರು. 1967ರ ನವೆಂಬರಿನಲ್ಲಿ ಅವರ ದೊಡ್ಡ ಹಡಗೊಂದು 609 ಪೆಟ್ಟಿಗೆಗಳೊಡನೆ ಕಾಮ್‌ರಾನ್ ಕೊಲ್ಲಿಗೆ ಬಂದಿತು. ಯುದ್ಧದ ನೀತಿಯ ಚರ್ಚೆ ಇಲ್ಲಿ ಬೇಡ. ಬರಿದಾಗಿ ಮರಳುವ ಹಡಗುಗಳನ್ನು ಜಪಾನಿಗೆ ತಿರುಗಿಸಿ ಅಲ್ಲಿನ ಕಾರ್ಖಾನೆಗಳ ಸರಕನ್ನು ಅಮೆರಿಕೆಗೆ ತುಂಬಿಕೊಂಡು ಹೋದದ್ದರಲ್ಲಿ ಮೆಕ್ಲೀನರ ವ್ಯಾಪಾರಬುದ್ಧಿ ಎದ್ದು ಕಾಣುತ್ತದೆ.

ಸಿಪಾಯಿಗಳು ಆಪತ್ತಿನಲ್ಲಿ ಮಾಡಿದ್ದನ್ನೇ ಇಂದು ಗುತ್ತಿಗೆದಾರರೂ ರೈತರೂ ಕಾರ್ಖಾನೆಯವರೂ ನೆಮ್ಮದಿಯಿಂದ ಮಾಡುತ್ತಿದ್ದಾರೆ. ನಮ್ಮವರಲ್ಲಿ ಸಣ್ಣ ವರ್ಕ್‌ಷಾಪು, ಹೋಟೆಲು, ಕಂಟ್ರಾಟು ನಡೆಸುವವರು ಅನೇಕರಿರುವುದರಿಂದ ಈ ವಿಷಯದಲ್ಲಿ ತುಸು ನಿಲ್ಲುವುದು ಅಪ್ರಸ್ತುತವಾಗದು. 20 ಅಡಿಯ ಪೆಟ್ಟಿಗೆ ಎಂಟು ಅಡಿ ಅಗಲ, ಎಂಟೂವರೆ ಅಡಿ ಎತ್ತರವಿದ್ದು, ಒಳಗೆ ಸುಮಾರು 33 ಘನ ಮೀಟರು ಜಾಗವಿರುತ್ತದೆ. ಬರಿದಾಗಿದ್ದಾಗಲೇ ತೂಕ ಎರಡು ಟನ್ನಿಗೂ ಮಿಕ್ಕಿದ್ದು, ಕ್ರೇನಿಲ್ಲದೆ ಯಾರೂ ಹೊತ್ತೊಯ್ಯಲಾರರು. ಗೋಡೆ ಅಲೆಯಲೆಯಾಗಿ ಮಡಿಸಿದ, ಬೇಗ ತುಕ್ಕು ತಿನ್ನದ ಜಾತಿಯ ಉಕ್ಕಿನ ತಗಡು. ದಪ್ಪ ಸುಮಾರು ಎರಡು ಮಿಲಿಮೀಟರು. ನೆಲಕ್ಕೆ ದಪ್ಪನೆಯ ಪ್ಲೈವುಡ್ಡು. ಕದದ ಅಂಚಿಗೆ ಸುತ್ತ ರಬ್ಬರಿನ ಪಟ್ಟಿ. ಕೊಳ್ಳುವಾಗ ಒಳಹೊಕ್ಕು, ಜೊತೆಯವರೊಬ್ಬರನ್ನು ಹೊರಗೆ ನಿಲ್ಲಿಸಿ, ಕದ ಮುಚ್ಚಿಸಿ ಕತ್ತಲಲ್ಲಿ ಸುತ್ತಲೂ ನೋಡಬೇಕು. ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ನೀರು ಬರುವುದೆಂದು ತಿಳಿಯಬೇಕು. ಹೊರಗೆ ಒಬ್ಬರಿಲ್ಲದೆ ಈ ಪರೀಕ್ಷೆಯನ್ನು ಯಾರೂ ಮಾಡಬಾರದು. ಈ ಕದಗಳನ್ನು ಒಳಗಿನಿಂದ ತೆರೆಯಲು ಬರುವುದಿಲ್ಲ.

ಇಡುವಾಗ ನಾಲ್ಕು ಮೂಲೆಗಳೂ ಸಮಮಟ್ಟದಲ್ಲಿ ಕಾಂಕ್ರೀಟು ದಿಂಡಿನ ಇಲ್ಲವೆ ದಪ್ಪ ಮರದ ದಿಮ್ಮಿಯ ಮೇಲೆ ಕೂಡಬೇಕು. ಭಾರವೆಲ್ಲ ಮೂಲೆಗಳಲ್ಲಿ ಇಳಿಯುವುದೆಂದು ಮೇಲೆ ಹೇಳಿದೆವಷ್ಟೆ. ಒಂದು ಮೂಲೆ ಕುಸಿದರೆ ಚೌಕಟ್ಟು ತಿರುಚಿಕೊಂಡು ಕದ ಬಿಗಿದುಕೊಳ್ಳುತ್ತದೆ. ನೆಲದಿಂದ ಎತ್ತರಿಸಿದ್ದರಿಂದ ಅಡಿಯಲ್ಲಿ ಗಾಳಿಯಾಡಿ ತುಕ್ಕು ಹಿಡಿಯದು. ಕಿಟಕಿಗೆಂದು ಗೋಡೆಯನ್ನು ಮನಸ್ಸಿಗೆ ಬಂದಂತೆ ಕೊಯ್ದರೆ ಬಲ ಹೋಗುತ್ತದೆ. ಹೊರಗೆ ನೇತಾಡುವ ಬೀಗವನ್ನು ಉದ್ದನೆಯ ಕತ್ತರಿಯಿಂದ ಕತ್ತರಿಸಬಹುದಾದ್ದರಿಂದ, ಬೀಗದ ಸುತ್ತ ಉಕ್ಕಿನ ಗೂಡೊಂದನ್ನು ಬೆಸೆದು ಕೈ ಮಾತ್ರ ಒಳಹೋಗುವಂತೆ ಮಾಡುವುದು ಜಾಣತನ.

ಮಳೆಯನ್ನು ತಡೆದರೆ ತೇವ ತಡೆಯಿತೆಂದು ನಂಬಿ ಮೋಸ ಹೋಗುವವರು ಬಹುಮಂದಿ. ಹಗಲಿನ ಬಿಸಿಲಿಗೆ ಕಾದ ಒಳಗಾಳಿಯ ಆವಿ, ರಾತ್ರಿ ಮಾಡು ತಣ್ಣಗಾದೊಡನೆ ತಗಡಿಗೆ ಹನಿಗಟ್ಟಿ ಕೆಳಗೆ ತೊಟ್ಟಿಕ್ಕುತ್ತದೆ. ಕರಾವಳಿಯ ಹವೆಯಲ್ಲಿ ಇದರ ಕಾಟ ಹೆಚ್ಚು. ಹೊರಗಿನಿಂದ ಒಂದು ಹನಿಯೂ ಬಾರದೆ ಒಳಗಿನ ಮೋಟಾರು ತುಕ್ಕು ಹಿಡಿಯುವುದು ಹೀಗೆ. ಒದ್ದೆ ಗೋಣಿ, ಹಸಿ ಮರ, ನೆನೆದ ಹಗ್ಗಗಳನ್ನು ಒಳಗಿಡಬಾರದು. ಗಾಳಿಕಂಡಿಗಳನ್ನು ಮುಚ್ಚಬಾರದು, ಸಾಲದಿದ್ದರೆ ಹೆಚ್ಚಿಸಬೇಕು. ಸಾಮಾನು ಗೋಡೆಗೆ ತಗಲದಂತೆ, ನೆಲದಿಂದ ಎತ್ತರದ ಹಲಗೆಯ ಮೇಲಿರಬೇಕು. ತೇವ ಹೀರುವ ಲವಣದ ಚೀಲಗಳನ್ನು ತೂಗುಹಾಕಿ ಆಗಾಗ ಬದಲಿಸಬೇಕು. ಮೇಲೆ ಬಿಳಿಯ ಬಣ್ಣವನ್ನೋ ತಗಡಿನ ಇನ್ನೊಂದು ಮಾಡನ್ನೋ ಹಾಕಿದರೆ ಕಾವು ಇಳಿಯುತ್ತದೆ. ಪೆಟ್ರೋಲು, ಅನಿಲದ ಸಿಲಿಂಡರುಗಳನ್ನು ಇಂಥ ಮುಚ್ಚಿದ ಪೆಟ್ಟಿಗೆಯಲ್ಲಿಡುವುದು ಸಾವನ್ನು ಕರೆದಂತೆ. ನೆಲದ ಪ್ಲೈವುಡ್ಡಿಗೆ ಹುಳು ಹಿಡಿಯದಂತೆ ವಿಷದ ಲೇಪ ಕೊಟ್ಟಿರುವುದುಂಟಾದ್ದರಿಂದ ಅದರ ಮೇಲೆ ಅಕ್ಕಿ ಬೇಳೆಗಳನ್ನು ಸುರಿಯಲಾಗದು.

ಮೆಕ್ಲೀನರ ಬಾಳಿನ ಉಳಿದ ಭಾಗದಲ್ಲಿ ಏರಿಳಿತ ಹೆಚ್ಚು. 1969ರಲ್ಲಿ ಅವರು ಸೀ-ಲ್ಯಾಂಡನ್ನು ತಂಬಾಕಿನ ದೊಡ್ಡ ಸಂಸ್ಥೆಯೊಂದಕ್ಕೆ 53 ಕೋಟಿ ಡಾಲರಿಗೆ ಮಾರಿದರು. ಅವರ ಪಾಲಿಗೆ ಬಂದದ್ದು 16 ಕೋಟಿ. ಅವರ ಕಾಲದಲ್ಲಿ ಯೋಜಿಸಿದ ಎಂಟು ಹಡಗುಗಳು 33 ನಾಟ್ ವೇಗದವು. ಅವು ಕಡಲಿಗಿಳಿಯುತ್ತಲೇ 1973ರ ತೈಲದ ಬಿಕ್ಕಟ್ಟು ಬಂದು ಇಂಧನದ ಖರ್ಚು ಸಂಸ್ಥೆಯನ್ನು ಹಿಂಡಿತು. ಒಂದೆಡೆ ಕುಳಿತು ಉಣ್ಣುವ ಜಾಯಮಾನ ಅವರದಲ್ಲ. 1978ರಲ್ಲಿ ಯುನೈಟೆಡ್ ಸ್ಟೇಟ್ಸ್ ಲೈನ್ಸ್ ಎಂಬ ಹಳೆಯ ಹಡಗಿನ ಕಂಪೆನಿಯನ್ನು ಕೊಂಡು, ಈ ಸಲ ಹಿಂದಿನ ಪಾಠವನ್ನು ನೆನಪಿಟ್ಟು, ನಿಧಾನವಾಗಿ ಸಾಗುವ, ಕಡಿಮೆ ತೈಲ ಉರಿಸುವ ಹನ್ನೆರಡು ಭಾರೀ ಹಡಗುಗಳನ್ನು ದಕ್ಷಿಣ ಕೊರಿಯಾದಲ್ಲಿ ಕಟ್ಟಿಸಿದರು. ಆ ಕಾಲಕ್ಕೆ ಲೋಕದಲ್ಲಿ ಅಷ್ಟು ದೊಡ್ಡ ಕಂಟೇನರು ಹಡಗುಗಳಿರಲಿಲ್ಲ. ಅವು ಭೂಮಿಯನ್ನು ಸುತ್ತತೊಡಗಿದಾಗ ತೈಲದ ಬೆಲೆ ಕುಸಿಯಿತು. ವೇಗದ ಹಡಗುಗಳವರು ಗಿರಾಕಿಗಳನ್ನು ಸೆಳೆದುಕೊಂಡರು. ತೈಲ ಅಗ್ಗವಾಗಿದ್ದಾಗ ವೇಗವನ್ನೂ, ತುಟ್ಟಿಯಾಗಿದ್ದಾಗ ನಿಧಾನವನ್ನೂ ನೆಚ್ಚಿ ಎರಡೂ ಸಲ ಅವರು ಬೆಲೆ ತಿರುಗಿದ ಏಟಿಗೆ ಸಿಕ್ಕಿದರು.

1986ರ ನವೆಂಬರ್ 24ರಂದು ಕಂಪೆನಿ ದಿವಾಳಿಯಾಯಿತು. ಸಾಲ ನೂರು ಕೋಟಿ ಡಾಲರಿಗೂ ಮಿಕ್ಕಿತ್ತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಹನ್ನೆರಡು ಹಡಗುಗಳು ಅಗ್ಗಕ್ಕೆ ಹೋದದ್ದು ಮತ್ತಾರಿಗೂ ಅಲ್ಲ, ಅವರೇ ಹುಟ್ಟುಹಾಕಿ ಮಾರಿದ್ದ ಸೀ-ಲ್ಯಾಂಡಿಗೆ. ಆ ಬಳಿಕ ಮೆಕ್ಲೀನ್ ಪತ್ರಿಕೆಯವರ ಕಣ್ಣಿಗೆ ಬೀಳದೆ, ಸಭೆ ಸಮಾರಂಭಗಳಿಂದ ದೂರವಾಗಿ ಕಾಲ ಕಳೆದರು. ಕೆಲಸ ಹೋದವರ ನೆನಪು ಅವರನ್ನು ಬಾಧಿಸುತ್ತಿತ್ತೆಂದು ಬಲ್ಲವರು ಬರೆದಿದ್ದಾರೆ.

ಆದರೂ 1991ರಲ್ಲಿ, 77ರ ಇಳಿವಯಸ್ಸಿನಲ್ಲಿ, ಟ್ರೈಲರ್ ಬ್ರಿಜ್ ಎಂಬ ಸಣ್ಣ ಸಂಸ್ಥೆಯನ್ನು ತೆರೆದು ಫ್ಲೋರಿಡಾದಿಂದ ಪೋರ್ಟೋರಿಕೋಗೆ ಸರಕು ಸಾಗಿಸತೊಡಗಿದರು. ಮೂವತ್ತಮೂರು ವರ್ಷದ ಹಿಂದೆ ತಮ್ಮ ಹಡಗುಗಳನ್ನು ನಾಲ್ಕು ತಿಂಗಳು ನಿಲ್ಲಿಸಿದ್ದ ದ್ವೀಪವೇ ಅದು.

2001ರ ಮೇ 25ರಂದು ನ್ಯೂಯಾರ್ಕಿನಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ ಮೆಕ್ಲೀನ್ ತೀರಿಕೊಂಡರು. ಅಂತ್ಯಕ್ರಿಯೆಯ ಬೆಳಗ್ಗೆ ಲೋಕದ ನಾನಾ ಕಡಲುಗಳಲ್ಲಿದ್ದ ಕಂಟೇನರು ಹಡಗುಗಳು ತಮ್ಮ ಕಹಳೆಯನ್ನೂದಿದವು.